ಬೀಗಿತ್ತಿ ಕಳುಹಿಸಿದ ರಾಯಭಾರಿ

ನಿಮ್ಮ ಅಜ್ಜಿ ಯುದ್ಧಕ್ಕೆ ಹೋಗಿದ್ದಳು ಎಂದರೆ ನಾಳೆ ನಿಮ್ಮ ಮಕ್ಕಳು ನಂಬುವುದಿಲ್ಲ. ಅದಕ್ಕೇ ಬರೆದಿಡುತ್ತಿದ್ದೇನೆ. ಹೋಗಿದ್ದೆ, ಸೋತೆ, ಗಡೀಪಾರಾದೆ, ಮತ್ತೆ ಕರೆಸಿಕೊಂಡರು. ಎಲ್ಲವೂ ಶಿಡ್ಲಘಟ್ಟದ ಪಕ್ಕದ ನಮ್ಮ ಮನೆಯ ನಡುಮನೆಯಲ್ಲಿ, ಚಾಪೆಯ ಮೇಲೆ ಕೂತಲ್ಲೇ ಆಯಿತು. ಹಿಂದಿನ ರಾಜರಿಗೂ ಇಷ್ಟು ಅನುಕೂಲ ಇರಲಿಲ್ಲ.

ನಿಮ್ಮಲ್ಲೆಲ್ಲ ದೊಡ್ಡವಳು, ನನ್ನ ಮಗನ ಮಗಳು, ಚಿಂತಾಮಣಿಯ ಕಾಲೇಜಿಗೆ ದಿನಾ ಬಸ್ಸಿನಲ್ಲಿ ಹೋಗಿಬರುತ್ತಾಳಲ್ಲ, ಅವಳು ಫೋನಿನಲ್ಲಿ ಒಂದು ಯುದ್ಧದ ಆಟ ಆಡುತ್ತಿದ್ದಳು. ಆಡುತ್ತಿದ್ದಳು ಎಂದರೆ ಅವಳಿಗೆ ಸಿಟ್ಟು ಬರುತ್ತದೆ. ಅವಳು ಒಂದು ಗುಂಪಿನ ನಾಯಕಿ. ಕಾಲೇಜಿನವರು, ಬಸ್ಸಿನಲ್ಲಿ ಪರಿಚಯವಾದವರು, ಅವರ ತಮ್ಮಂದಿರು, ನಮ್ಮ ಮನೆಯ ನೀವು ಎಲ್ಲ ಸೇರಿ ಒಂದು ಸೈನ್ಯ. ಗುಂಪಿನ ಅಷ್ಟೂ ಜಾಗ ತುಂಬಿದ್ದರೆ ಮಾತ್ರ ದೊಡ್ಡ ಯುದ್ಧಕ್ಕೆ ಪ್ರವೇಶವಂತೆ. ಯಾರೋ ಒಬ್ಬ ಹುಡುಗ ಪರೀಕ್ಷೆಗೆ ಓದಬೇಕು ಎಂಬ ಕ್ಷುಲ್ಲಕ ಕಾರಣಕ್ಕೆ ಬಿಟ್ಟುಹೋದ. ಒಂದು ಜಾಗ ಖಾಲಿಯಾಯಿತು. ಮನೆಯಲ್ಲಿ ನನ್ನ ಮಗನ ಹಳೆಯ ಫೋನು ಖಾಲಿ ಇತ್ತು, ನಾನೂ ಖಾಲಿ ಇದ್ದೇನೆ ಎಂದು ಅವಳ ಲೆಕ್ಕ. ಎರಡು ಹೊತ್ತಿನ ಅಡುಗೆ, ರೇಷ್ಮೆ ಹುಳುವಿಗೆ ಸೊಪ್ಪು, ದನದ ಕೊಟ್ಟಿಗೆ ಇವುಗಳನ್ನು ಅವಳು ಕೆಲಸದಲ್ಲಿ ಸೇರಿಸಿರಲಿಲ್ಲ.

"ನೀನೇನೂ ಮಾಡ್ಬೇಡ ಕಣಜ್ಜಿ. ಸುಮ್ನೆ ಇರು, ಸಾಕು" ಎಂದಳು.

ಸುಮ್ಮನಿರುವ ಕೆಲಸಕ್ಕೆ ನನಗಿಂತ ಅನುಭವಸ್ಥರು ಈ ತಾಲ್ಲೂಕಿನಲ್ಲಿ ಸಿಗುವುದಿಲ್ಲ. ನಮ್ಮೂರ ಸ್ಕೂಲಿನಲ್ಲಿ ಮೇಷ್ಟ್ರು ಹೆಸರು ಕೂಗಿದಾಗ ಹಾಜರಿ ಹೇಳಲು ನಾಚಿಕೆಯಾಗಿ ಎಷ್ಟೋ ದಿನ ಗೈರುಹಾಜರಾದವಳು ನಾನು, ಎದುರಿಗೇ ಕೂತಿದ್ದರೂ. ಮದುವೆಯಾಗಿ ಬಂದ ಮೇಲೆ ನನ್ನ ಮಾತನ್ನೆಲ್ಲ ನಿಮ್ಮ ತಾತನೇ ಆಡುತ್ತಿದ್ದರು. ಅವರು ಹೋದ ಮೇಲೆ ಆ ಕೆಲಸಕ್ಕೆ ಯಾರನ್ನೂ ನೇಮಿಸಲಿಲ್ಲ. ಮನೆ ತುಂಬ ನೀವೆಲ್ಲ ಇದ್ದಿರಿ, ಆದರೆ ನನಗೂ ನಿಮಗೂ ನಡೆಯುತ್ತಿದ್ದ ಸಂಭಾಷಣೆ ಪೂರ್ತಿ ಇಷ್ಟೇ: ಊಟ ಆಯ್ತಾ, ಆಯ್ತು.

ಆ ಗುಂಪಿನಲ್ಲಿ ಮುಖ ಕಾಣುವುದಿಲ್ಲ. ಬೆರಳಿನಲ್ಲಿ ಮಾತಾಡಬಹುದು. ಬರೆದದ್ದನ್ನು ಕಳಿಸುವ ಮುಂಚೆ ಅಳಿಸಬಹುದು, ಮತ್ತೆ ಬರೆಯಬಹುದು. ನಾಚಿಕೆಯವರಿಗೆ ಇದಕ್ಕಿಂತ ದೊಡ್ಡ ಉಪಕಾರ ಯಾವ ಸರ್ಕಾರವೂ ಮಾಡಿಲ್ಲ. ಆಟದ ನನ್ನ ಹೊಲದಲ್ಲಿ ಬೆಳೆದ ದವಸವನ್ನು ಕೇಳಿದವರಿಗೆಲ್ಲ ಕಳಿಸುತ್ತಿದ್ದೆ. ಅನ್ನ ಹಾಕುವ ಕೈಗೆ ಎಲ್ಲ ಕಡೆಯೂ ಮರ್ಯಾದೆ. ಊಟಕ್ಕೆ ಕೂತಾಗ ತಲೆ ಎತ್ತದ ನೀವು ಅಲ್ಲಿ ದಿನವಿಡೀ ನನ್ನನ್ನು ಕರೆಯುತ್ತಿದ್ದಿರಿ. ನಾನೂ ಉತ್ತರ ಬರೆಯುತ್ತಿದ್ದೆ, ಒಂದೆರಡು ಸಲ ತಮಾಷೆ ಕೂಡ ಮಾಡಿದೆ. ಹೀಗಾಗಿ ಆ ಜಾಗ ನನಗೆ ಬೇಕಾಯಿತು. ಆಟ ಬೇಕಾಗಿರಲಿಲ್ಲ, ಜಾಗ ಬೇಕಾಗಿತ್ತು. ಅದು ಹೋಗುತ್ತದೇನೋ ಎಂಬ ಭಯದಲ್ಲೇ ನಾನು ಯುದ್ಧ ಕಲಿತೆ.

ಆಟ ಏನೆಂದು ಗೊತ್ತಿಲ್ಲದವರಿಗೆ ಎರಡು ಮಾತು. ಪ್ರತಿಯೊಬ್ಬರಿಗೂ ಒಂದು ಕೋಟೆ, ಸ್ವಲ್ಪ ಹೊಲ, ಸೈನಿಕರು. ಸೈನಿಕರು ತಾವಾಗಿ ಏನೂ ಮಾಡುವವರಲ್ಲ. ಅವರನ್ನು ನಡೆಸಲು ಒಬ್ಬ ಹೀರೋ ಬೇಕು. ಹೀರೋ ಒಮ್ಮೆಗೇ ಸಿಗುವುದಿಲ್ಲ. ದಿನಕ್ಕೆ ಒಂದೊಂದು ಚೂರು ಕೊಡುತ್ತಾರೆ, ಇವತ್ತು ಕಿವಿ, ನಾಳೆ ಮೊಣಕಾಲು ಎನ್ನುವ ಹಾಗೆ. ಚೂರೆಲ್ಲ ಕೂಡಿದ ಮೇಲೆ ಅವನು ಎದ್ದು ನಿಲ್ಲುತ್ತಾನೆ. ಆಮೇಲೆ ಅವನಿಗೆ ತಿನ್ನಿಸಿ, ಓದಿಸಿ, ಆಯುಧ ಕೊಡಿಸಿ ದೊಡ್ಡವನನ್ನು ಮಾಡಬೇಕು. ಅವನು ದೊಡ್ಡವನಾಗಿ ದುಡಿಯುವ ಕಾಲಕ್ಕೆ ಸರಿಯಾಗಿ ಆಟದ ಕಂಪನಿಯವರು ಇನ್ನೊಬ್ಬ ಹೀರೋನನ್ನು ಬಿಡುತ್ತಾರೆ.

ನಮ್ಮ ದೇವರು ಒಂದು ಅವತಾರ ಎತ್ತಲು ಯುಗಗಟ್ಟಲೆ ಕಾಯುತ್ತಾನೆ. ಕಂಪನಿಯವರಿಗೆ ಅಷ್ಟು ತಾಳ್ಮೆ ಇಲ್ಲ. ರೇಷ್ಮೆ ಬೆಳೆ ಒಂದು ಮುಗಿದು ಇನ್ನೊಂದು ಬೆಳೆಯ ಚಾಕಿ ಮರಿಹುಳು ಮನೆಗೆ ಬರುವಷ್ಟರಲ್ಲಿ ಅಲ್ಲೊಂದು ಹೊಸ ಅವತಾರ ಆಗಿರುತ್ತದೆ.

ನನಗೆ ಮೊದಲು ಸಿಕ್ಕವನು ಗುರಾಣಿ ಹಿಡಿದವನು. ಅವನ ಇಂಗ್ಲಿಷ್ ಹೆಸರು ನನ್ನ ನಾಲಿಗೆಗೆ ಹತ್ತಲಿಲ್ಲ, ಗುರಾಣಿಯಪ್ಪ ಎಂದುಕೊಂಡೆ. ದಪ್ಪ ಮನುಷ್ಯ, ನಿಧಾನ. ಮುಂದೆ ನುಗ್ಗುವುದು ಅವನ ಜಾತಕದಲ್ಲೇ ಇಲ್ಲ. ನಿಂತಲ್ಲಿ ನಿಲ್ಲುತ್ತಾನೆ, ಹೊಡೆದರೆ ತಡೆಯುತ್ತಾನೆ. ಅವನ ಜೊತೆಗೆ ಗುರಾಣಿ ಸೈನಿಕರು. ನಾನು ಸೇರಿದ ಕಾಲಕ್ಕೆ ಇದೇ ಪರಮ ಯುದ್ಧನೀತಿ ಎಂದು ದೊಡ್ಡವಳು ನನಗೆ ಪಾಠ ಹೇಳಿದಳು. ಗೋಡೆ ಎತ್ತರ ಮಾಡು, ಗುರಾಣಿ ಹಿಡಿದು ಕೂತುಕೋ, ಬಂದವರು ಹೊಡೆದು ಹೊಡೆದು ತಾವೇ ಸುಸ್ತಾಗಿ ಹೋಗುತ್ತಾರೆ. ಸಂಸಾರ ಮಾಡಿದವರಿಗೆ ಇದನ್ನು ಬೇರೆ ಕಲಿಸಬೇಕಾಗಿಲ್ಲ.

ಅಷ್ಟರಲ್ಲಿ ಬಿಲ್ಲುಗಾರ್ತಿ ಬಂದಳು. ತೆಳ್ಳಗೆ, ಉದ್ದ ಜಡೆ. ಗೋಡೆಯ ಆಚೆಯಿಂದಲೇ ಒಳಕ್ಕೆ ಬಾಣ ಹಾರಿಸುತ್ತಾಳೆ, ಗೋಡೆ ಎಷ್ಟು ಎತ್ತರವಿದ್ದರೂ ಲೆಕ್ಕವಿಲ್ಲ. ಒಂದೇ ವಾರದಲ್ಲಿ ಪರಮ ನೀತಿ ಬದಲಾಯಿತು. ಗೋಡೆ ಕಟ್ಟುವುದು ದಡ್ಡರ ಕೆಲಸವಂತೆ. ಅವಳು ಬಾಣ ಹೂಡುವುದರೊಳಗೆ ಮೇಲೆ ಬೀಳಬೇಕು, ಅದಕ್ಕೆ ಕುದುರೆ ಬೇಕು. ಎಲ್ಲರೂ ಗುರಾಣಿಯವರನ್ನು ವಜಾ ಮಾಡಿ ಕುದುರೆ ಸಾಕಿದರು. ಆಟದಲ್ಲಿ ಸೈನಿಕರನ್ನು ವಜಾ ಮಾಡಲು ಒಂದು ಬಟನ್ ಇದೆ. ಆ ಬಟನ್ ಎಲ್ಲಿದೆ ಎಂದು ನನಗೆ ತಿಳಿಯಲಿಲ್ಲ, ಕೇಳಲು ನಾಚಿಕೆ. ನನ್ನ ಗುರಾಣಿಯವರು ಹಾಗೇ ಉಳಿದರು, ದಿನಾ ಊಟ ಮಾಡಿಕೊಂಡು.

ಹೊಸ ಸೊಸೆ ಬಂದ ಮನೆಯ ಹಾಗಾಗಿತ್ತು ಗುಂಪು. ಬಿಲ್ಲುಗಾರ್ತಿ ಕೂತರೆ ಚೆಂದ, ನಿಂತರೆ ಚೆಂದ. ಹೊಸ ಸೊಸೆಯ ಚೆಂದ ಎಷ್ಟು ದಿನ ಎಂದು ಕೇಳಿದರೆ ನಾನು ಹೇಳುತ್ತಿದ್ದೆ, ಯಾರೂ ಕೇಳಲಿಲ್ಲ. ಮುಂದಿನ ಅವತಾರ ಬಲೆಯವನು. ಬಲೆ ಬೀಸಿದರೆ ಕುದುರೆಗಳ ಕಾಲು ಕಟ್ಟಿಹೋಗುತ್ತವೆ. ಸಾಕಿದ ಕುದುರೆಗಳೆಲ್ಲ ಮುಗ್ಗರಿಸಿ ಬಿದ್ದವು. ಈಗ ನಿಂತಲ್ಲೇ ನಿಲ್ಲುವ ಸೈನಿಕರೇ ಸರಿ ಎಂದಾಯಿತು. ನಿಂತಲ್ಲೇ ನಿಲ್ಲುವವರನ್ನು ಎಲ್ಲರೂ ವಜಾ ಮಾಡಿಯಾಗಿತ್ತು, ನನ್ನೊಬ್ಬಳ ಹೊರತು. ದೊಡ್ಡವಳು ನನ್ನ ಕೋಟೆಯನ್ನು ಕಿತ್ತು, ನಡುವಿನ ಗುಡ್ಡಕ್ಕೆ ಹೋಗುವ ದಾರಿಯ ಮೇಲೆ ತಂದು ಇಟ್ಟಳು. ಗುಡ್ಡಕ್ಕೆ ಹೋಗಬೇಕೆಂದರೆ ನನ್ನ ಬಾಗಿಲು ದಾಟಬೇಕು. ಎಲ್ಲರೂ ನನ್ನ ದೂರದೃಷ್ಟಿಯನ್ನು ಹೊಗಳಿದರು. ಬಟನ್ ಹುಡುಕಲು ಬಾರದವರಿಗೆ ದೂರದೃಷ್ಟಿ ಎಂಬ ಹೆಸರೂ ಇದೆ ಎಂದು ಅವತ್ತು ತಿಳಿಯಿತು.

ಈ ಗುಡ್ಡಕ್ಕಾಗಿಯೇ ಯುದ್ಧ. ಕೊನೆಯ ದಿನ ಗುಡ್ಡ ಯಾರ ಕೈಯಲ್ಲಿರುತ್ತದೋ ಆ ಗುಂಪಿಗೆ ಬಹುಮಾನ. ಬಹುಮಾನ ಏನೆಂದರೆ ಮುಂದಿನ ಹೀರೋ ಎಲ್ಲರಿಗಿಂತ ಮೊದಲು ಅವರಿಗೆ ಸಿಗುತ್ತಾನೆ. ಅವನು ಯಾಕೆ ಬೇಕು ಎಂದರೆ ಮುಂದಿನ ಸಲ ಗುಡ್ಡ ಹಿಡಿಯಲು. ಇದನ್ನು ಎರಡು ಸಲ ವಿವರಿಸಿದರೂ ನನಗೆ ಅರ್ಥವಾಗಲಿಲ್ಲವೆಂದು ದೊಡ್ಡವಳಿಗೆ ಬೇಸರ.

ನಮ್ಮ ಎದುರಾಳಿಗಳು ಗೌರಿಬಿದನೂರಿನ ಗುಂಪು. ಅದರ ನಾಯಕ ನನ್ನ ಮಗಳ ಮಗ. ಹೌದಪ್ಪ, ನೀನೇ. ನನ್ನ ಮಗಳನ್ನು ಮಂಚೇನಹಳ್ಳಿಗೆ ಕೊಟ್ಟಿದ್ದೇವಲ್ಲ, ಅಲ್ಲಿಂದ ಇವನು ಗೌರಿಬಿದನೂರಿಗೆ ಓದಲು ಹೋಗಿ ಸೈನ್ಯ ಕಟ್ಟಿದ್ದ. ಅವನ ಗುಂಪಿಗೂ ಒಂದು ಜಾಗ ಖಾಲಿಯಾಗಿತ್ತು. ಬುದ್ಧಿ ರಕ್ತದಲ್ಲೇ ಬರುತ್ತದೆ, ಅವನು ತನ್ನ ಅಪ್ಪನ ತಾಯಿಯನ್ನು ಸೇರಿಸಿದ. ಅಂದರೆ ನನ್ನ ಬೀಗಿತ್ತಿಯನ್ನು.

ಬೀಗಿತ್ತಿಗೂ ನನಗೂ ಒಂದೇ ವಯಸ್ಸು. ಸಾಮ್ಯ ಅಲ್ಲಿಗೆ ಮುಗಿಯಿತು. ಅವರು ಬಾಯಿ ತೆರೆದರೆ ಬಸ್ಸಿನಲ್ಲಿದ್ದವರೆಲ್ಲ ಟಿಕೆಟ್ ತೆಗೆಸುವುದು ಬಿಟ್ಟು ಕೇಳುತ್ತಾರೆ. ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ, ಜಗಳದಲ್ಲಿ ಎರಡೂ. ನನ್ನನ್ನು ವದಿನಾ ಎಂದು ಕರೆಯುತ್ತಾರೆ. ಅತ್ತಿಗೆ ಎಂದ ಹಾಗೆ, ಅವರ ಕಡೆ ಬೀಗಿತ್ತಿಯರು ಹಾಗೇ ಕರೆಯುವುದು. ಇಷ್ಟು ವರ್ಷಗಳಲ್ಲಿ ಅವರ ಮುಂದೆ ನಾನು ಆಡಿದ ಮಾತೆಲ್ಲ ಸೇರಿಸಿದರೆ ಒಂದು ಪುಟ ತುಂಬುವುದಿಲ್ಲ. ಅವರ ಕೋಟೆಯ ಮೇಲೆ ಬೆರಳಿಟ್ಟು ದಾಳಿ ಎಂದು ಒತ್ತಿದಾಗ ನನಗೆ ಸಂತೋಷವಾಯಿತು, ಸುಳ್ಳು ಯಾಕೆ ಹೇಳಲಿ. ಗುರಾಣಿಯಪ್ಪ ನಿಧಾನವಾಗಿ ಹೋಗಿ ನಿಧಾನವಾಗಿ ಸೋತು ಬಂದ. ಅದರ ಮರುದಿನ ಅವರು ನನ್ನ ಹೊಲ ಸುಟ್ಟರು. ಬೀಗರ ನಡುವೆ ಇಷ್ಟು ಹೋಗಿಬರುವುದು ಮದುವೆಯ ಕಾಲದಲ್ಲೂ ಇರಲಿಲ್ಲ.

ಆಗ ರಾಯಭಾರಿಯ ಅವತಾರವಾಯಿತು.

ಇವನ ಕೈಯಲ್ಲಿ ಕತ್ತಿ ಇಲ್ಲ, ಬಿಲ್ಲಿಲ್ಲ. ರುಮಾಲು ಸುತ್ತಿದ, ಬಿಳಿ ಮೀಸೆಯ ಮುದುಕ. ಎರಡೂ ಕೈಯಲ್ಲಿ ಒಂದು ಹಿತ್ತಾಳೆ ತಟ್ಟೆ, ತಟ್ಟೆಯಲ್ಲಿ ಹಣ್ಣು, ಮೇಲೆ ಮಡಿಸಿದ ಬಟ್ಟೆ. ಯಾರ ಕೋಟೆಗಾದರೂ ಹೋಗಿ ಬಾಗಿಲಲ್ಲಿ ನಿಲ್ಲುತ್ತಾನೆ. ಒಳಗಿನವರಿಗೆ ಎರಡು ಬಟನ್ ಕಾಣುತ್ತವೆ, ಸ್ವೀಕರಿಸಿ, ನಿರಾಕರಿಸಿ. ಸ್ವೀಕರಿಸಿದರೆ ಹಣ್ಣು ಬಟ್ಟೆ ನಮ್ಮದು. ಆದರೆ ಸ್ವಲ್ಪ ಹೊತ್ತು ಕೋಟೆಯ ಬಾಗಿಲು ತೆರೆದೇ ಇರುತ್ತದೆ, ಅವನ ಹಿಂದೆ ಸೈನ್ಯ ಇದ್ದರೆ ಅದೂ ಒಳಗೆ ಬರುತ್ತದೆ. ನಿರಾಕರಿಸಿದರೆ ಅವನು ತಲೆ ತಗ್ಗಿಸಿ, ತಟ್ಟೆ ಹಿಡಿದುಕೊಂಡೇ ತಿರುಗಿ, ಮೆಲ್ಲಗೆ ನಡೆದು ಹೋಗುತ್ತಾನೆ. ಈ ಚಿತ್ರ ಬರೆದವರಿಗೆ ಬೀಗರು ಇಲ್ಲವೆಂದು ತೋರುತ್ತದೆ. ಇದ್ದಿದ್ದರೆ ಇಂಥ ಬಟನ್ ಇಡುತ್ತಿರಲಿಲ್ಲ.

ಮತ್ತೆ ಎಲ್ಲ ನೀತಿ ತಿರುಗಿತು. ಬಲೆ, ಬಾಣ, ಕುದುರೆ ಎಲ್ಲ ಮೂಲೆಗೆ. ಈಗ ಯುದ್ಧ ಅಂದರೆ ತಟ್ಟೆ ಬೇಡ ಎನ್ನುವುದು. ದೊಡ್ಡವಳು ಗುಂಪಿನಲ್ಲಿ ಬರೆದಳು, ಯಾರ ತಟ್ಟೆಯನ್ನೂ ಯಾರೂ ತೆಗೆದುಕೊಳ್ಳಬಾರದು, ತೆಗೆದುಕೊಂಡವರು ಗುಂಪಿನಿಂದ ಹೊರಗೆ. ನನ್ನ ಬಾಗಿಲು ಗುಡ್ಡದ ದಾರಿಯಲ್ಲಿ ಇದ್ದುದರಿಂದ ನನಗೆ ಬೇರೆಯಾಗಿಯೂ ಹೇಳಿದಳು, ಮುದ್ದೆ ಮುರಿಯುತ್ತಾ.

"ಅಜ್ಜಿ, ಯಾರೇ ಬಂದ್ರೂ ಬೇಡ ಅನ್ನು. ತಗೊಂಡ್ರೆ ನಿನ್ನೂ ತೆಗೀಬೇಕಾಗುತ್ತೆ. ಎಲ್ರಿಗೂ ಒಂದೇ ರೂಲ್ಸು."

ನಾನು ಹೂಂ ಎಂದೆ. ಬೇಡವೆನ್ನುವುದು ನನಗೆ ಕಷ್ಟವಲ್ಲ. ಆ ವಾರ ಎಲ್ಲಿಂದಲೋ ಯಾರೋ ಕಳಿಸಿದ ತಟ್ಟೆಗಳು ಬಂದವು. ಮುದುಕ ತಲೆ ತಗ್ಗಿಸಿ ಹೋಗುವುದನ್ನು ನೋಡಲಾಗದೆ ಫೋನು ಮಗುಚಿಟ್ಟೆ, ಆದರೆ ನಿರಾಕರಿಸಿದೆ. ಗುಂಪಿನಲ್ಲಿ ನನ್ನನ್ನು ಶಭಾಷ್ ಎಂದರು.

ಒಂದು ಮಧ್ಯಾಹ್ನ ಹುಳುವಿಗೆ ಸೊಪ್ಪು ಹಾಕಿ ಬಂದು ಗೋಡೆಗೆ ಒರಗಿ ಕೂತಿದ್ದೆ. ಬಾಗಿಲಲ್ಲಿ ಮುದುಕ ನಿಂತಿದ್ದ. ತಟ್ಟೆಯ ಕೆಳಗೆ ಕಳಿಸಿದವರ ಹೆಸರಿತ್ತು, ಒಂದು ಸಾಲು ಬರಹವೂ ಇತ್ತು. "ವದಿನಾ, ನಾನೇ. ತಗೋ."

ಇಲ್ಲಿ ನಿಮಗೆ ಒಂದು ವಿಷಯ ಹೇಳಬೇಕು, ಹುಡುಗರ ಕಣ್ಣಿಗೆ ಇದು ಬಿದ್ದಿರುವುದಿಲ್ಲ. ಬೀಗರ ಮನೆಯಲ್ಲಿ ಏನೇ ಶುಭಕಾರ್ಯವಾದರೂ ಕೊನೆಗೆ ಹೆಂಗಸರನ್ನು ಸಾಲಾಗಿ ಕೂರಿಸಿ ತಟ್ಟೆ ಕೊಡುತ್ತಾರೆ. ಎಲೆ ಅಡಿಕೆ, ಬಾಳೆಹಣ್ಣು, ರವಿಕೆ ಬಟ್ಟೆ. ಬೀಗರು ಹಿಡಿದ ತಟ್ಟೆ ಬೇಡವೆಂದರೆ ಸಂಬಂಧವೇ ಬೇಡವೆಂದ ಹಾಗೆ. ಆ ತಟ್ಟೆ ಬರಿದಾಗಿ ಹಿಂದಿರುಗಬಾರದು, ನಾವೂ ಏನಾದರೂ ಇಟ್ಟು ಕಳಿಸಬೇಕು, ಅದು ಇನ್ನೊಂದು ಪದ್ಧತಿ. ನಿಮ್ಮ ತಾತ ಹೋದ ಮೇಲೆ ಮೊದಲ ಸಲ ಅವರ ಮನೆಯ ಸಾಲಿನಲ್ಲಿ ಕೂತಿದ್ದಾಗ ಬೀಗಿತ್ತಿ ತಟ್ಟೆ ಹಿಡಿದು ಬಂದರು, ನನ್ನ ಪಕ್ಕದವರಿಗೆ ಕೊಟ್ಟರು, ನನ್ನನ್ನು ದಾಟಿ ಆಚೆಯವರಿಗೆ ಕೊಟ್ಟರು. ಅವರದೇನೂ ತಪ್ಪಿಲ್ಲ. ಪದ್ಧತಿ. ನಾನೂ ನನ್ನ ಕಾಲದಲ್ಲಿ ಎಷ್ಟೋ ಜನರನ್ನು ಹಾಗೇ ದಾಟಿದ್ದೆ. ಆಮೇಲಿನ ಕಾರ್ಯಗಳಲ್ಲಿ ತಟ್ಟೆಯ ಹೊತ್ತಿಗೆ ಸರಿಯಾಗಿ ನನಗೆ ಅಡುಗೆಮನೆಯಲ್ಲಿ ಏನೋ ಕೆಲಸ ಬರುತ್ತಿತ್ತು. ಅವರಿಗೆ ದಾಟುವ ತೊಂದರೆ ಬೇಡವೆಂದು.

ಈಗ ಮುದುಕ ಬಾಗಿಲಲ್ಲಿ ನಿಂತಿದ್ದಾನೆ. ಹಿಂದೆ ಕುದುರೆ ಇರುತ್ತವೆ ಎಂದು ನನಗೆ ಗೊತ್ತಿತ್ತು. ಅಷ್ಟೂ ದಡ್ಡಿಯಲ್ಲ. ಸ್ವೀಕರಿಸಿ ಎಂಬುದನ್ನು ಒತ್ತಿದೆ.

ಹಾಲು ಉಕ್ಕಿಬರುವಷ್ಟು ಹೊತ್ತೂ ಹಿಡಿಯಲಿಲ್ಲ. ಗುರಾಣಿಯಪ್ಪ ತನ್ನ ಜನರನ್ನು ಕಟ್ಟಿಕೊಂಡು ಹೊರಗೆ ಮುಖ ಮಾಡಿ ನಿಂತಿದ್ದ. ಗೌರಿಬಿದನೂರಿನವರು ತೆರೆದ ಬಾಗಿಲಿನಿಂದ ಅವನ ಬೆನ್ನ ಹಿಂದೆಯೇ ಒಳಗೆ ಹೋಗಿ, ಹಿತ್ತಿಲ ಕಡೆಯಿಂದ ಗುಡ್ಡ ಹತ್ತಿದರು. ನನ್ನ ಸೈನಿಕರಿಗೆ ಒಂದು ಗೀರೂ ಆಗಲಿಲ್ಲ. ಬೀಗರಿಗೆ ಅಷ್ಟು ಮರ್ಯಾದೆ ಇತ್ತು. ಗುಡ್ಡದ ಮೇಲೆ ಗೌರಿಬಿದನೂರಿನ ಬಾವುಟ ಏರಿತು, ಅವತ್ತೇ ಯುದ್ಧದ ಕೊನೆಯ ದಿನ. ನನ್ನ ಮನೆಗೆ ಹಣ್ಣೂ ಬಟ್ಟೆಯೂ ಬಂದವು.

ದೊಡ್ಡವಳು ಇದನ್ನೆಲ್ಲ ಚಿಂತಾಮಣಿಯ ಬಸ್ಸಿನಲ್ಲೇ ನೋಡಿದ್ದಳು, ಕೈವಾರದ ಕ್ರಾಸಿನಲ್ಲಿ ಬಸ್ಸು ನಿಂತಿದ್ದಾಗ. ಮನೆಗೆ ಬಂದು ಕಾಲು ತೊಳೆದಳು. ನಾನು ಕಾಫಿ ಕೊಟ್ಟು, ಅವರೆಕಾಯಿ ಬುಟ್ಟಿ ಎಳೆದುಕೊಂಡು ಸುಲಿಯಲು ಕೂತೆ. ಕೈಗೆ ಕೆಲಸವಿದ್ದರೆ ಮುಖ ಎತ್ತಬೇಕಾಗಿಲ್ಲ. ಅವಳೂ ಎದುರಿಗೆ ಕೂತು ಸುಲಿಯತೊಡಗಿದಳು.

"ಯಾಕಜ್ಜಿ?" ಎಂದಳು.

"ಬೀಗರ ತಟ್ಟೆ ಕಣೇ."

"ಅದು ತಟ್ಟೆ ಅಲ್ಲ ಅಜ್ಜಿ, ಗೇಮು."

"ನೋಡಕ್ಕೆ ತಟ್ಟೆ ತರಾನೇ ಇತ್ತು."

ಅವಳು ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. ಇನ್ನೊಂದು ಹಿಡಿ ಸುಲಿದು, ಕೈ ಒರೆಸಿಕೊಂಡು, ಫೋನು ತೆಗೆದು ಏನೋ ಒತ್ತಿದಳು. ನನ್ನ ಮಂಡಿಯ ಪಕ್ಕದಲ್ಲಿದ್ದ ಫೋನು ಟಿಣ್ ಎಂದಿತು. ನಿಮ್ಮನ್ನು ಗುಂಪಿನಿಂದ ತೆಗೆದುಹಾಕಲಾಗಿದೆ ಎಂದು ಬಂದಿತ್ತು. ನಮ್ಮಿಬ್ಬರ ನಡುವೆ ಒಂದು ಬುಟ್ಟಿಯಷ್ಟು ದೂರ. ಹಿಂದೆ ಗಡೀಪಾರು ಮಾಡುವಾಗ ಊರಲ್ಲಿ ತಮಟೆ ಹೊಡೆಸುತ್ತಿದ್ದರಂತೆ. ನನಗೆ ಅಷ್ಟು ಖರ್ಚೂ ಮಾಡಲಿಲ್ಲ. ಅವಳು ಮತ್ತೆ ಅವರೆಕಾಯಿ ಸುಲಿದಳು, ರಾತ್ರಿ ಹಿತಕವರೆ ಸಾರನ್ನು ಎರಡು ಸಲ ಹಾಕಿಸಿಕೊಂಡಳು ಕೂಡ. ನಿಯಮ ನಿಯಮ, ಸಾರು ಸಾರು.

ಆಮೇಲಿನ ದಿನಗಳಲ್ಲಿ ಮನೆ ಮೊದಲಿನ ಹಾಗಾಯಿತು. ಊಟ ಆಯ್ತಾ, ಆಯ್ತು. ನೀವೆಲ್ಲ ಫೋನು ನೋಡಿ ನಗುತ್ತಿದ್ದಿರಿ, ಏನು ಎಂದು ಕೇಳುವಷ್ಟು ನನಗೆ ಧೈರ್ಯವಿಲ್ಲ. ಯಾವ ಗುಂಪಿಗೂ ಸೇರದ ನನ್ನ ಕೋಟೆಯನ್ನು ದಾರಿಹೋಕರೆಲ್ಲ ಒಂದೊಂದು ಸಲ ಸುಟ್ಟು ಹೋಗುತ್ತಿದ್ದರು. ನಾನು ಬೆಳಗ್ಗೆ ಎದ್ದು ಕಸ ಗುಡಿಸಿದ ಹಾಗೆ ಗೋಡೆ ಸರಿಮಾಡುತ್ತಿದ್ದೆ, ಗುರಾಣಿಯವರಿಗೆ ಮಾತ್ರ ಏನೂ ಆಗುತ್ತಿರಲಿಲ್ಲ.

ಬೀಗಿತ್ತಿ ಫೋನು ಮಾಡಿದರು.

"ಏಂ ವದಿನಾ, ನಿನ್ನ ಆಚೆ ಹಾಕಿದ್ರಂತೆ?"

"ಹೂಂ."

"ನಮ್ ಕಡೆ ಬಾ. ನಮ್ಮುಡುಗ ಜಾಗ ಇಟ್ಟವ್ನೆ."

ತಟ್ಟೆ ಕಳಿಸುವ ಉಪಾಯ ಮೊಮ್ಮಗನದಂತೆ. ಯಾರ ಮನೆಗೆ ಕಳಿಸಬೇಕು ಎಂಬುದು ತಮ್ಮದೇ ಎಂದು ಅವರು ಮುಚ್ಚುಮರೆ ಇಲ್ಲದೆ ಹೇಳಿದರು. ನಾನು ತೆಗೆದುಕೊಳ್ಳುತ್ತೇನೆ ಎಂದು ಅವರಿಗೆ ಗೊತ್ತಿತ್ತಂತೆ. ಅವರ ಧ್ವನಿ ಒಮ್ಮೆಲೇ ಇಳಿಯಿತು, ಇದು ಅವರ ಮಟ್ಟಿಗೆ ದೊಡ್ಡ ಘಟನೆ. ಆಮೇಲೆ ಹೇಳಿದರು.

"ನೀನು ತಗೊಳ್ದೆ ಇದ್ದಿದ್ರೆ ಗುಡ್ಡ ಹೋಗ್ತಿತ್ತು ಅಷ್ಟೇ. ಆದ್ರೆ ನಂಗೆ ಬೇಜಾರಾಗ್ತಿತ್ತು ವದಿನಾ."

ಅವರ ಗುಂಪಿಗೆ ನಾನು ಹೋಗಲಿಲ್ಲ. ಯಾರಿಗೆ ಬಡಿಸಿ ಉಣ್ಣುತ್ತೇನೋ ಅವರ ಮೇಲೆ ಸೈನ್ಯ ಕಳಿಸುವುದು ನನ್ನಿಂದಾಗದು. ಬೀಗಿತ್ತಿಯೂ ಬಲವಂತ ಮಾಡಲಿಲ್ಲ.

ಹಾಗೇ ಇರುತ್ತಿತ್ತೇನೋ. ಆದರೆ ಕಂಪನಿಯವರಿಗೆ ನನ್ನ ಮೇಲೆ ಕರುಣೆ ಬಂತು. ಅವರು ನಗಾರಿಯವಳನ್ನು ಬಿಟ್ಟರು.

ಇವಳು ದಪ್ಪ ಹೆಂಗಸು, ಕೊರಳಿಗೆ ನಗಾರಿ ಕಟ್ಟಿಕೊಂಡಿರುತ್ತಾಳೆ. ಒಂದು ಕೋಟೆಯೊಳಗೆ ಎಷ್ಟು ಜನ ಒತ್ತಾಗಿ ನಿಲ್ಲುತ್ತಾರೋ, ಇವಳು ನಗಾರಿ ಬಾರಿಸಿದಾಗ ಅಷ್ಟು ಬಲ ಹೆಚ್ಚುತ್ತದೆ. ಗುರಾಣಿ ಸೈನಿಕರಾದರೆ ಇನ್ನೂ ಹೆಚ್ಚು. ಮತ್ತೆ ಗುಡ್ಡ ಖಾಲಿ, ಮತ್ತೆ ಎಲ್ಲರೂ ಮೊದಲಿನಿಂದ. ಈಗಿನ ಪರಮ ನೀತಿ, ಎಲ್ಲರ ಸೈನ್ಯವನ್ನೂ ಒಂದೇ ಕೋಟೆಯಲ್ಲಿ ತುರುಕಿ ನಗಾರಿ ಬಾರಿಸುವುದು. ರಾಯಭಾರಿಯನ್ನು ಯಾರೂ ಕೇಳುವವರಿಲ್ಲ. ನಮ್ಮ ಕಡೆ ಹಳದಿ ಗೂಡಿನ ಹುಳು ಹೋಗಿ ಬಿಳಿ ಗೂಡಿನ ತಳಿ ಬಂದಾಗಲೂ ಹೀಗೇ ಆಗಿತ್ತು. ಹಳೆಯ ತಳಿಯ ಹೆಸರು ಹೇಳಿದವರನ್ನು ಜನ ಹಳ್ಳಿಗಮಾರರ ಹಾಗೆ ನೋಡುತ್ತಿದ್ದರು, ತಾವು ಯಾವ ಪಟ್ಟಣದಿಂದ ಬಂದಿದ್ದರೋ.

ಹುಳು ಮನೆಯಲ್ಲಿ ನಾನು ಸೊಪ್ಪು ಕತ್ತರಿಸುತ್ತಿದ್ದಾಗ ದೊಡ್ಡವಳು ಬಂದು ಇನ್ನೊಂದು ಕತ್ತಿ ತೆಗೆದುಕೊಂಡು ಕೂತಳು. ಯಾರೂ ಹೇಳದೆ ಅವಳು ಸೊಪ್ಪು ಕತ್ತರಿಸಿದ್ದು ಅದೇ ಮೊದಲು. ಏನೋ ಬೇಕಾಗಿದೆ ಎಂದು ತಿಳಿದೆ.

"ಅಜ್ಜಿ, ನಿನ್ ಹತ್ರ ಗುರಾಣಿಯವ್ರು ಇನ್ನೂ ಇದಾರಾ?"

"ಇದಾರೆ. ಎಲ್ಲೋಗ್ತಾರೆ?"

"ಎಲ್ಲಾ?"

"ಎಲ್ಲಾ."

ಅವಳು ಇನ್ನೊಂದು ಹಿಡಿ ಸೊಪ್ಪು ಎಳೆದುಕೊಂಡಳು. ಗುಂಪಿನಲ್ಲಿ ಬೇರೆ ಯಾರ ಹತ್ತಿರವೂ ಇಲ್ಲವಂತೆ, ಹೊಸದಾಗಿ ಬೆಳೆಸಲು ತುಂಬ ದಿನ ಬೇಕಂತೆ, ವಾಪಸ್ ಬಾ ಅಜ್ಜಿ ಎಂದಳು. ನನ್ನನ್ನು ತೆಗೆದದ್ದಕ್ಕೆ ಏನಾದರೂ ಹೇಳುತ್ತಾಳೇನೋ ಎಂದು ಕಾದೆ. ಅವಳು ಸೊಪ್ಪನ್ನು ಸಣ್ಣಗೆ ಕತ್ತರಿಸಿದಳು, ಬೇಕಾದ್ದಕ್ಕಿಂತ ಸಣ್ಣಗೆ. ಈ ಮನೆಯಲ್ಲಿ ಕ್ಷಮೆ ಕೇಳುವುದು ಹೀಗೇ, ಅದನ್ನು ನಾನೇ ಕಲಿಸಿದ್ದು.

ಆಗ ನಾನು ಮಾತಾಡಿದೆ. ಬೆರಳಿನಲ್ಲಿ ಅಲ್ಲ, ಬಾಯಿಯಲ್ಲಿ. ನನ್ನ ಧ್ವನಿ ನನಗೇ ಜೋರಾಗಿ ಕೇಳಿಸಿತು.

"ಬರ್ತೀನಿ. ಆದ್ರೆ ಅವ್ರ ತಟ್ಟೆ ಬಂದ್ರೆ ತಗೋತೀನಿ. ಈಗ್ಲೇ ಹೇಳಿದೀನಿ, ಆಮೇಲೆ ತೆಗೀಬೇಡ."

ಅವಳು ಕತ್ತಿ ಕೆಳಗಿಟ್ಟಳು. ಬೈಯುತ್ತಾಳೆ ಎಂದುಕೊಂಡೆ. ಅವಳ ಮುಖದಲ್ಲಿ ಲೆಕ್ಕ ಓಡುತ್ತಿತ್ತು.

ಗುಂಪಿನಲ್ಲಿ ಗಲಾಟೆಯಾಯಿತಂತೆ. ನಿಯಮ ಅಜ್ಜಿಗೆ ಬೇರೆ, ನಮಗೆ ಬೇರೆಯಾ ಎಂದು ಚಿಂತಾಮಣಿಯ ಹುಡುಗನೊಬ್ಬ ಕೇಳಿದನಂತೆ. ನ್ಯಾಯವಾದ ಪ್ರಶ್ನೆ. ಇವಳು ಅವನಿಗೆ ಸಮಾಧಾನ ಹೇಳಿ ಹೊಸ ನಿಯಮ ಬರೆದಳು, ಯಾರೂ ತಟ್ಟೆ ತೆಗೆದುಕೊಳ್ಳಬಾರದು, ಅಜ್ಜಿಯನ್ನು ಬಿಟ್ಟು. ನನಗಾಗಿ ಮಾಡಿದ್ದಲ್ಲ ಎಂದು ಆಮೇಲೆ ತಿಳಿಯಿತು. ಅಜ್ಜಿ ಬಾಗಿಲು ತೆಗೆಯುವುದು ಖಂಡಿತ ಎಂದಾದರೆ ಅವರು ಅಲ್ಲಿಗೇ ಬರುವುದೂ ಖಂಡಿತ. ನಮ್ಮವರೆಲ್ಲ ಅಜ್ಜಿಯ ಕೋಟೆಯೊಳಗೆ ಬಚ್ಚಿಟ್ಟುಕೊಂಡು ನಗಾರಿ ಬಾರಿಸಿದರೆ ಬಂದವರು ಒಬ್ಬರೂ ಉಳಿಯುವುದಿಲ್ಲ. ಹೊಸ ಹೀರೋವಿನ ಜೊತೆ ಹಳೆಯ ಅಜ್ಜಿಯನ್ನು ಸೇರಿಸಿ ಅವಳು ಹೊಸ ನೀತಿ ಕಂಡುಹಿಡಿದಿದ್ದಳು.

ಗುಂಡಿಯ ಮೇಲೆ ಎಲೆ ಹಾಸಿದ ಹಾಗೆ ಬೀಗರ ತಟ್ಟೆಯನ್ನು ಮುಂದಿಟ್ಟು ಅವರನ್ನೇ ಬೀಳಿಸುವುದು ನನಗೆ ಸರಿ ಕಾಣಲಿಲ್ಲ. ಹಾಗೆಂದೆ. ನೀನು ತಟ್ಟೆ ತೆಗೆದುಕೋ ಅಜ್ಜಿ, ಮಿಕ್ಕಿದ್ದು ನಮಗೆ ಬಿಡು ಎಂದಳು. ನಿಮ್ಮ ತಾತನೂ ಹೀಗೇ ಅನ್ನುತ್ತಿದ್ದರು, ಮಿಕ್ಕಿದ್ದು ಯಾವಾಗಲೂ ನನ್ನ ತಲೆಗೇ ಬರುತ್ತಿತ್ತು.

ತಟ್ಟೆ ಒಂದು ಭಾನುವಾರ ಬಂತು. ರಾಯಭಾರಿ ಹಳಬನಾಗಿದ್ದರೂ ಬೀಗಿತ್ತಿ ಅವನನ್ನು ಸಾಕಿಕೊಂಡಿದ್ದರು. ನೀವೆಲ್ಲರೂ ಮೊದಲೇ ಸಿದ್ಧರಾಗಿದ್ದಿರಿ. ದೊಡ್ಡವಳ ಸೈನ್ಯ, ಅವಳ ತಮ್ಮನದು, ಚಿಂತಾಮಣಿಯವರದು, ಎಲ್ಲ ನನ್ನ ಕೋಟೆಯಲ್ಲಿ ಕಾಲಿಡಲು ಜಾಗವಿಲ್ಲದಷ್ಟು ತುಂಬಿತ್ತು. ನಗಾರಿಯವಳು 'ಢಂ' ಎನ್ನಿಸಲು ಕೋಲು ಎತ್ತಿ ನಿಂತಿದ್ದಳು. ದೊಡ್ಡವಳು ನನ್ನ ಭುಜಕ್ಕೆ ಗಲ್ಲ ಊರಿ ನನ್ನ ಫೋನು ನೋಡುತ್ತಿದ್ದಳು. ತಟ್ಟೆಯ ಕೆಳಗೆ ಈ ಸಲವೂ ಒಂದು ಸಾಲಿತ್ತು. ನಾನು ಗಟ್ಟಿಯಾಗಿ ಓದಿದೆ.

"ವದಿನಾ, ಈ ಸಲ ಬರೀ ತಟ್ಟೆ. ಹಿಂದೆ ಯಾರೂ ಇಲ್ಲ."

"ಸುಳ್ಳು ಅಜ್ಜಿ, ಟ್ರಿಕ್ಕು. ಒತ್ತು" ಎಂದಳು.

ಒತ್ತಿದೆ. ಬಾಗಿಲು ತೆರೆಯಿತು. ನಗಾರಿ ಮೊಳಗಿತು. ಸೈನಿಕರೆಲ್ಲ ಕತ್ತಿ ಹಿರಿದು ಬಾಗಿಲ ಕಡೆ ನೋಡುತ್ತಾ ನಿಂತರು. ಬಾಗಿಲ ಆಚೆ ದಾರಿ, ದಾರಿಯ ಮೇಲೆ ಹುಲ್ಲು. ಯಾರೂ ಬರಲಿಲ್ಲ. ಮುದುಕ ತಟ್ಟೆ ಕೊಟ್ಟು ಕೈ ಮುಗಿದು ಹೊರಟುಹೋದ. ದೊಡ್ಡವಳು ನಗಾರಿಯನ್ನು ಮತ್ತೊಮ್ಮೆ ಬಾರಿಸಿದಳು, ಮೊದಲ ಸಲ ಯಾರಿಗೂ ಕೇಳಿಸಿಲ್ಲವೇನೋ ಎಂಬಂತೆ. ಬಾಗಿಲು ತಾನಾಗಿ ಮುಚ್ಚಿಕೊಂಡಿತು.

ಆಗ ದೊಡ್ಡವಳ ಫೋನು ಟಿಣ್ ಎಂದಿತು. ಅವಳ ಕೋಟೆ ಉರಿಯುತ್ತಿತ್ತು. ಪಕ್ಕದ ಕೋಣೆಯಿಂದ ಅವಳ ತಮ್ಮ ನನ್ನದೂ ಹೋಯಿತು ಎಂದ. ಸೈನ್ಯವೆಲ್ಲ ನನ್ನ ಮನೆಯಲ್ಲಿ ತುರುಕಿಕೊಂಡು ತಟ್ಟೆ ನೋಡುತ್ತಿದ್ದಾಗ ಗೌರಿಬಿದನೂರಿನವರು ಖಾಲಿ ಬಿದ್ದಿದ್ದ ಉಳಿದ ಕೋಟೆಗಳನ್ನೆಲ್ಲ ಒಂದೊಂದಾಗಿ ಸುಟ್ಟು, ಅವುಗಳ ನಡುವೆ ಹೊಸ ದಾರಿ ಮಾಡಿಕೊಂಡು ಹಿಂಬದಿಯಿಂದ ಗುಡ್ಡ ಹತ್ತಿದ್ದರು. ಊರಿಗೆ ಊರೇ ಉರಿಯುವಾಗ ನನ್ನದೊಂದು ಕೋಟೆ ಸುಖವಾಗಿತ್ತು, ಹಣ್ಣು ಹಂಪಲಿನ ಸಮೇತ.

ಅವಳು ನನ್ನ ಫೋನು ಎಳೆದುಕೊಂಡು ತಟ್ಟೆಯ ಕೆಳಗಿನ ಸಾಲನ್ನು ಮತ್ತೆ ಓದಿದಳು.

"ನಿಜಾನೇ ಬರ್ದಿದ್ರು ಅಜ್ಜಿ."

"ನಾನು ಓದಿದ್ನಲ್ಲ."

ಚಿಂತಾಮಣಿಯ ಹುಡುಗ ಗುಂಪಿನಲ್ಲಿ ಸುಮ್ಮನಿರಲಿಲ್ಲ. ಈಗಲಾದರೂ ಅಜ್ಜಿಯನ್ನು ತೆಗೆಯಿರಿ ಎಂದು ಬರೆದ, ಅವನಿಗೆ ಇನ್ನೂ ಮೂವರು ಹೂಂಗುಟ್ಟಿದರು. ನಾನು ಅದನ್ನು ಓದಿದೆ. ನನ್ನ ಭುಜದ ಮೇಲಿದ್ದವಳೂ ಓದಿದಳು. ಅವಳು ತನ್ನ ಫೋನಿನಲ್ಲಿ ಉತ್ತರ ಬರೆದು ನನಗೆ ತೋರಿಸಿಯೇ ಕಳಿಸಿದಳು. ಒತ್ತು ಅಂದವಳು ನಾನು, ತೆಗೆಯುವುದಾದರೆ ನನ್ನನ್ನು ತೆಗೆಯಿರಿ, ಅಜ್ಜಿ ಇಲ್ಲೇ ಇರುತ್ತಾರೆ. ಅವಳನ್ನು ತೆಗೆಯುವ ಬಟನ್ ಅವಳ ಹತ್ತಿರ ಮಾತ್ರ ಇತ್ತಂತೆ, ಅದು ಬೇರೆ ಮಾತು. ಹುಡುಗ ಸುಮ್ಮನಾದ. ಮುಂದಿನ ಹೀರೋ ಬರಲಿ, ಆಗ ನೋಡೋಣ ಎಂದು ಎಲ್ಲರೂ ಒಪ್ಪಿಕೊಂಡರು. ಮುಂದಿನವನಿಗೆ ರೆಕ್ಕೆ ಇರುತ್ತದೆ ಎಂದು ಆಗಲೇ ಸುದ್ದಿ ಹಬ್ಬಿತ್ತು.

ನನಗೆ ಒಂದು ಕೆಲಸ ಉಳಿದಿತ್ತು. ತಟ್ಟೆಯನ್ನು ಬರಿದಾಗಿ ಇಟ್ಟುಕೊಳ್ಳುವ ಹಾಗಿಲ್ಲ. ಎರಡು ತಟ್ಟೆ ತಿಂದು ಕೂತಿದ್ದೆ. ರಾಯಭಾರಿಯ ಚೂರುಗಳು ನನ್ನ ಹತ್ತಿರವೂ ಕೂಡಿದ್ದವು, ಅವನನ್ನು ಹೇಗೆ ಕಳಿಸುವುದು ಎಂದು ತಿಳಿಯದು. ಈ ಸಲ ಕೇಳಿದೆ. ದೊಡ್ಡವಳು ಬೆರಳು ಹಿಡಿದು ತೋರಿಸಿಕೊಟ್ಟಳು. ಹಣ್ಣು ಇಟ್ಟೆವು, ಬಟ್ಟೆ ಇಟ್ಟೆವು. ಕೆಳಗೆ ಏನು ಬರೆಯಲಿ ಎಂದು ಯೋಚಿಸಿ, ಬರೆದು, ಅಳಿಸಿ, ಕೊನೆಗೆ "ವದಿನಾ, ನಾನು" ಎಂದಷ್ಟೇ ಬರೆದೆ. ಮುದುಕ ತಟ್ಟೆ ಎತ್ತಿಕೊಂಡು ಮಂಚೇನಹಳ್ಳಿಯ ದಾರಿ ಹಿಡಿದ.

"ಹಿಂದೆ ಸೈನ್ಯ ಕಳಿಸ್ಲಾ ಅಜ್ಜಿ? ಅವ್ರು ತಗೊಂಡೇ ತಗೋತಾರೆ" ಎಂದಳು.

"ಬೇಡ."

"ಒಂದ್ ನಾಲ್ಕು ಕುದುರೆ?"

"ಬೇಡ ಅಂದೆ ಕಣಮ್ಮ."

ಅವಳು ಬೆರಳನ್ನು ಹಿಂದಕ್ಕೆ ತೆಗೆದುಕೊಂಡಳು. ತುಂಬ ಕಷ್ಟಪಟ್ಟು.